ಕೆಲಸದಲ್ಲಿ ಪೆಟ್ಟಾದರೆ ಆಸ್ಪತ್ರೆ ಬಿಲ್ ಯಾರು ಕಟ್ಟಬೇಕು? ವಾಟ್ಸ್‌ಆ್ಯಪ್ ಸಂದೇಶಗಳು ಹೇಳದ ಸಂಗತಿ

‘ಕೆಲಸ ಮಾಡುವಾಗ ಗಾಯವಾದರೆ ಚಿಂತೆ ಬೇಡ. ಆಧಾರ್ ಮತ್ತು ರೇಷನ್ ಕಾರ್ಡ್ ತೋರಿಸಿದರೆ ಸರ್ಕಾರ 5 ಲಕ್ಷ ರೂಪಾಯಿ ಕೊಡುತ್ತದೆ. ಎಲ್ಲರಿಗೂ ಶೇರ್ ಮಾಡಿ.’ ಇಂಥ ಸಂದೇಶ ನಿಮ್ಮ ಊರಿನ ಗ್ರೂಪಿಗೂ ಬಂದಿರಬಹುದು. ಇದರ ಜೊತೆಗೆ ಬಾಯಿಂದ ಬಾಯಿಗೆ ಹರಡುವ ಇನ್ನೊಂದು ಮಾತಿದೆ: ‘ಸಾಹುಕಾರ್ರು ಆಸ್ಪತ್ರೆ ಬಿಲ್ ಕಟ್ಟಿದ್ದಾರಲ್ಲ, ಇನ್ನೇನು ಕೇಳೋದು?’

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಪೂರ್ತಿ ತಪ್ಪು. ಹೆಚ್ಚು ಕಾರ್ಮಿಕರಿಗೆ ನಷ್ಟ ಮಾಡುವುದು ಈ ಎರಡನೆಯದೇ.

ಚುಟುಕಾಗಿ ಹೇಳುವುದಾದರೆ

- ಕೆಲಸದ ವೇಳೆ ಆದ ಗಾಯದ ಚಿಕಿತ್ಸೆಗೆ ಖರ್ಚಾದ ನಿಜವಾದ ಹಣವನ್ನು ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆ. ಇಎಸ್‌ಐ ಇದ್ದರೆ ಆ ಹೊಣೆ ಇಎಸ್‌ಐ ನಿಗಮದ್ದು.
- ಚಿಕಿತ್ಸೆಯ ಹಣ ಬೇರೆ, ಪರಿಹಾರದ ಹಣ ಬೇರೆ. ಒಂದನ್ನು ಕೊಟ್ಟರೆ ಇನ್ನೊಂದು ತೀರುವುದಿಲ್ಲ.
- 5 ಲಕ್ಷದ ಆರೋಗ್ಯ ಕಾರ್ಡಿನಿಂದ ಚಿಕಿತ್ಸೆ ಸಿಗುತ್ತದೆ, ಕೈಗೆ ಹಣ ಬರುವುದಿಲ್ಲ. ಅದನ್ನು ಬಳಸಿಕೊಂಡರೂ ಮಾಲೀಕರು ಕೊಡಬೇಕಾದ ಪರಿಹಾರ ಹಾಗೇ ಉಳಿಯುತ್ತದೆ.
- ಮೊದಲ ದಿನ ಆಸ್ಪತ್ರೆಯ ಚೀಟಿಯಲ್ಲಿ ಗಾಯ ‘ಹೇಗಾಯಿತು’ ಎಂದು ಬರೆದಿದೆ ಎಂಬುದರ ಮೇಲೆ ಮುಂದಿನ ಬಹುಪಾಲು ನಿಂತಿರುತ್ತದೆ.

ಇನ್ನು ಒಂದೊಂದನ್ನೇ ಬಿಡಿಸಿ ನೋಡೋಣ.

ಚಳ್ಳಕೆರೆ, ಮೊಳಕಾಲ್ಮೂರಿನ ಉದಾಹರಣೆ ಏಕೆ?

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಕೂಲಿ ಕೆಲಸದ ಬಹುತೇಕ ಎಲ್ಲ ಬಗೆಯೂ ಇದೆ. ಶೇಂಗಾ ಎಣ್ಣೆ ಮಿಲ್ಲುಗಳಿಂದ ‘ಎಣ್ಣೆ ನಗರ’ ಎಂದು ಹೆಸರಾದ ಚಳ್ಳಕೆರೆಯಲ್ಲಿ ಮಿಲ್ ಕಾರ್ಮಿಕರು, ಮಂಡಿಯ ಹಮಾಲರು, ಲಾರಿ ಚಾಲಕರು, ಕಂಬಳಿ ನೇಯುವವರು ಇದ್ದಾರೆ. ಕುದಾಪುರದ ಸುತ್ತ ವಿಜ್ಞಾನ ಸಂಸ್ಥೆಗಳ ಕಟ್ಟಡ ಕಾಮಗಾರಿ ನಡೆದಿದೆ. ಮೊಳಕಾಲ್ಮೂರಿನಲ್ಲಿ ಜಿಐ ಮಾನ್ಯತೆ ಪಡೆದ ರೇಷ್ಮೆ ಸೀರೆಯ ನೇಕಾರರಿದ್ದಾರೆ, ಕಲ್ಲಿನ ಕೆಲಸದವರಿದ್ದಾರೆ. ಮಳೆ ಕೈಕೊಟ್ಟ ವರ್ಷ ಎರಡೂ ಕಡೆಯಿಂದ ಜನ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ.

ಗಾಯ ಒಂದೇ ಥರದ್ದಾದರೂ ಹಕ್ಕು ಕೇಳುವ ಬಾಗಿಲು ಕೆಲಸದಿಂದ ಕೆಲಸಕ್ಕೆ ಬೇರೆ. ‘ಎಲ್ಲರಿಗೂ 5 ಲಕ್ಷ’ ಎನ್ನುವ ಸಂದೇಶ ಮರೆಮಾಚುವುದು ಇದನ್ನೇ.

ಕಾನೂನು ಏನು ಹೇಳುತ್ತದೆ?

ಕೆಲಸಗಾರನಿಗೆ ಪೆಟ್ಟಾದರೆ ‘ತಪ್ಪು ಯಾರದು’ ಎಂದು ಕೇಳದೆ ಪರಿಹಾರ ಕೊಡಬೇಕು ಎಂಬ ತತ್ವ ಹಳೆಯದು. 1884ರಲ್ಲೇ ಜರ್ಮನಿ ಕಾರ್ಖಾನೆ ಅಪಘಾತಗಳಿಗೆ ಇಂಥ ವಿಮೆ ತಂದಿತು. ಭಾರತದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. 2009ರ ತಿದ್ದುಪಡಿಯಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದು ಬದಲಾಯಿತು. ಅದೇ ತಿದ್ದುಪಡಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದ ಒಂದು ಸಾಲನ್ನು ಸೇರಿಸಿತು: ಕೆಲಸದ ಅವಧಿಯಲ್ಲಿ ಆದ ಗಾಯದ ಚಿಕಿತ್ಸೆಗೆ ನೌಕರ ಮಾಡಿದ ನಿಜವಾದ ವೈದ್ಯಕೀಯ ವೆಚ್ಚವನ್ನು ಮರುಪಾವತಿ ಮಾಡಬೇಕು. ಇದು 4ನೇ ಕಲಮಿನ (2ಎ) ಉಪಕಲಮು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1923ರ ಕಾಯ್ದೆಯೂ 1948ರ ಇಎಸ್‌ಐ ಕಾಯ್ದೆಯೂ ಈಗ ‘ಸಾಮಾಜಿಕ ಭದ್ರತಾ ಸಂಹಿತೆ, 2020’ರೊಳಗೆ ಸೇರಿವೆ. ‘ಹಳೆ ಕಾಯ್ದೆ ರದ್ದಾಯ್ತು, ಇನ್ನು ಪರಿಹಾರ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರಿಹಾರದ ಅಧ್ಯಾಯ, ಚಿಕಿತ್ಸಾ ವೆಚ್ಚದ ಮರುಪಾವತಿ ಎರಡೂ ಹೊಸ ಸಂಹಿತೆಯಲ್ಲಿ ಇವೆ. ಆ ದಿನಕ್ಕಿಂತ ಮೊದಲು ಆದ ಅಪಘಾತಕ್ಕೆ ಆಗಿದ್ದ ಕಾನೂನಿನ ಪ್ರಕಾರ ಹಕ್ಕು ಹುಟ್ಟಿರುತ್ತದೆ.

ಸುಳ್ಳು ಮತ್ತು ನಿಜ

*‘ಮಾಲೀಕರು ಆಸ್ಪತ್ರೆ ಬಿಲ್ ಕಟ್ಟಿದರು, ಲೆಕ್ಕ ಮುಗಿಯಿತು.’*

ಸುಳ್ಳು. ಚಿಕಿತ್ಸೆಗೆಂದು ಮಾಲೀಕರು ಕೊಟ್ಟ ಹಣವನ್ನು ಪರಿಹಾರ ಎಂದು ಎಣಿಸುವಂತಿಲ್ಲ ಎಂದು 1923ರ ಕಾಯ್ದೆಯ 4ನೇ ಕಲಮಿನ ವಿವರಣೆಯಲ್ಲೇ ಬರೆದಿದೆ. ಬಿಲ್ ಕಟ್ಟಿದ್ದು ಒಂದು ಬಾಕಿ ತೀರಿಸಿದಂತೆ. ಬೆರಳು ಹೋಗಿದ್ದರೆ, ಕಣ್ಣು ಹೋಗಿದ್ದರೆ, ಮೊದಲಿನಷ್ಟು ದುಡಿಯಲು ಆಗದಿದ್ದರೆ ಅದರ ಪರಿಹಾರ ಇನ್ನೊಂದು ಬಾಕಿ.

*‘ದಿನಗೂಲಿಯವರಿಗೆ ಇದೆಲ್ಲ ಅನ್ವಯಿಸುವುದಿಲ್ಲ.’*

ಸುಳ್ಳು. ಒಂದು ಕಾಲದಲ್ಲಿ ಕಾಯ್ದೆ ಕೆಲವು ಬಗೆಯ ತಾತ್ಕಾಲಿಕ ಕೆಲಸಗಾರರನ್ನು ಹೊರಗಿಟ್ಟಿತ್ತು. 2000ದ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಇಎಸ್‌ಐಗೆ ಸಾಮಾನ್ಯವಾಗಿ ಕನಿಷ್ಠ 10 ನೌಕರರು ಇರಬೇಕು. ಪರಿಹಾರದ ಕಾನೂನಿಗೆ ಆ ಷರತ್ತು ಇಲ್ಲ.

*‘ಮೇಸ್ತ್ರಿ ಕರೆದುಕೊಂಡು ಹೋಗಿದ್ದು, ಕಂಪನಿಗೆ ಸಂಬಂಧವಿಲ್ಲ.’*

ಸುಳ್ಳು. ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೂ ಹೊಣೆಗಾರ. ಅವನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಕೆಲಸಗಾರ ಇಬ್ಬರ ನಡುವೆ ಅಲೆಯಬೇಕಾಗಿಲ್ಲ.

*‘ನಿನ್ನದೇ ಅಜಾಗರೂಕತೆ, ಹಾಗಾಗಿ ಏನೂ ಸಿಗದು.’*

ಬಹುಪಾಲು ಸುಳ್ಳು. ಸುಸ್ತಾಗಿ ಕೈ ಜಾರಿತು, ಗಮನ ತಪ್ಪಿತು ಎನ್ನುವುದು ಹಕ್ಕನ್ನು ಕಳೆಯುವುದಿಲ್ಲ. ಕುಡಿದು ಅಥವಾ ಮಾದಕ ವಸ್ತುವಿನ ಅಮಲಿನಲ್ಲಿ ಕೆಲಸ ಮಾಡಿದ್ದು, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದು, ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದದ್ದು ಅಪಘಾತಕ್ಕೆ ನೇರ ಕಾರಣವಾಗಿದ್ದರೆ ಮಾತ್ರ ಮಾಲೀಕರು ತಪ್ಪಿಸಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಈ ವಿನಾಯಿತಿಯೂ ನಡೆಯುವುದಿಲ್ಲ.

*‘ಇನ್ನೇನೂ ಕೇಳುವುದಿಲ್ಲ ಎಂದು ಬಾಂಡ್ ಪೇಪರ್ ಮೇಲೆ ಸಹಿ ಹಾಕಿಯಾಗಿದೆ.’*

ಆ ಸಹಿಗೆ ಹೆದರಬೇಕಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಒಪ್ಪಂದ ಅಷ್ಟರಮಟ್ಟಿಗೆ ಅಸಿಂಧು ಎಂದು 17ನೇ ಕಲಮು ಹೇಳುತ್ತದೆ. ಸಾವಿನ ಪ್ರಕರಣದಲ್ಲಿ ಇನ್ನೂ ಕಟ್ಟುನಿಟ್ಟು: ಪರಿಹಾರದ ಹಣವನ್ನು ಪರಿಹಾರ ಆಯುಕ್ತರಲ್ಲಿ ಜಮಾ ಮಾಡಬೇಕು. ಮನೆಗೆ ಬಂದು ಕೈಗೆ ಹಣ ಕೊಟ್ಟು ಹೋದರೆ, ಮುಂಗಡವಾಗಿ ಅನುಮತಿಸಿದ ಸಣ್ಣ ಮೊತ್ತವನ್ನು ಬಿಟ್ಟರೆ, ಅದು ಪರಿಹಾರ ಪಾವತಿ ಎನಿಸಿಕೊಳ್ಳುವುದಿಲ್ಲ.

*‘ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತ ಲೆಕ್ಕಕ್ಕಿಲ್ಲ.’*

ಈಗ ಹಾಗೆ ಹೇಳಲಾಗದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರಲ್ಲಿ ಬೈಕಿನಲ್ಲಿ ಕೆಲಸಕ್ಕೆ ಹೋಗುವಾಗ ಮೃತಪಟ್ಟಿದ್ದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 29ರಂದು ಕುಟುಂಬದ ಪರ ತೀರ್ಪು ಕೊಟ್ಟಿತು. ಅಪಘಾತ ನಡೆದ ಹೊತ್ತು, ಜಾಗ ಮತ್ತು ಸಂದರ್ಭಕ್ಕೂ ಕೆಲಸಕ್ಕೂ ನಂಟು ಇದೆ ಎಂದು ತೋರಿಸಬೇಕು, ಅಷ್ಟೆ. ಹೊಸ ಸಂಹಿತೆಯಲ್ಲೂ ಇದೇ ಅರ್ಥದ ನಿಯಮವಿದೆ. ಮನೆಯಿಂದ ಮಿಲ್ಲಿಗೆ ಹೋಗುವ ದಾರಿ ಒಂದು, ಸಂತೆಗೆಂದು ಸುತ್ತಿ ಹೋದ ದಾರಿ ಇನ್ನೊಂದು.

ರಸ್ತೆ ಅಪಘಾತಕ್ಕೆ ಇನ್ನೊಂದು ಸೌಲಭ್ಯವೂ ಇದೆ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರ ಯೋಜನೆಯಲ್ಲಿ ವಾಹನ ಅಪಘಾತದ ಗಾಯಾಳುವಿಗೆ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ಎಣ್ಣೆ ಮಿಲ್ಲಿನ ಬೆಲ್ಟಿಗೆ ಸಿಕ್ಕು ಒಬ್ಬ ಕೆಲಸಗಾರನ ಹೆಬ್ಬೆರಳು ಹೋಯಿತು ಎಂದುಕೊಳ್ಳಿ. ವಯಸ್ಸು 30, ತಿಂಗಳ ಸಂಬಳ 12,000 ರೂಪಾಯಿ, ಇಎಸ್‌ಐ ಇಲ್ಲ. ಆಸ್ಪತ್ರೆಯ ಬಿಲ್ 40,000 ರೂಪಾಯಿ. ಅದನ್ನು ಮಾಲೀಕರು ಕಟ್ಟಿದರು. ಮುಂದೆ?

- ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಸಂಬಳದ ಶೇ 60ನ್ನು ಹಿಡಿಯುತ್ತಾರೆ: 7,200 ರೂಪಾಯಿ.
- ಅದನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. 30 ವರ್ಷಕ್ಕೆ ಗುಣಕ 207.98. ಅಂದರೆ 14,97,456 ರೂಪಾಯಿ.
- ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಸಾಮರ್ಥ್ಯದ ನಷ್ಟ ಶೇ 30 ಎಂದು ಕಾನೂನಿನ ಪಟ್ಟಿಯಲ್ಲಿದೆ. ಹಾಗಾಗಿ ಪರಿಹಾರ ಸುಮಾರು 4,49,237 ರೂಪಾಯಿ.

ಬಿಲ್ಲಿನ 40,000ವನ್ನು ಇದರಲ್ಲಿ ಕಳೆಯುವಂತಿಲ್ಲ. ‘ಬಿಲ್ ಕಟ್ಟಿದಾರಲ್ಲ’ ಎಂದು ಸುಮ್ಮನಾದರೆ ಆ ಕುಟುಂಬ ಬಿಟ್ಟುಕೊಡುವುದು ನಾಲ್ಕೂವರೆ ಲಕ್ಷದ ಹತ್ತಿರದ ಮೊತ್ತ.

ಬೆರಳು ಉಳಿದು, ಕೆಲವು ವಾರ ಮಾತ್ರ ಕೆಲಸ ಮಾಡಲು ಆಗದಿದ್ದರೆ ಲೆಕ್ಕ ಬೇರೆ. ಪ್ರತಿ 15 ದಿನಕ್ಕೆ ತಿಂಗಳ ಸಂಬಳದ ಶೇ 25, ಅಂದರೆ ಇಲ್ಲಿ 3,000 ರೂಪಾಯಿ. 28 ದಿನ ಅಥವಾ ಹೆಚ್ಚು ಕಾಲ ಕೆಲಸ ತಪ್ಪಿದರೆ ಮೊದಲ ದಿನದಿಂದಲೂ, ಅದಕ್ಕಿಂತ ಕಡಿಮೆಯಾದರೆ ಮೊದಲ 3 ದಿನ ಬಿಟ್ಟು ಕೊಡಬೇಕು.

ಸಂಬಳ 15,000ಕ್ಕಿಂತ ಹೆಚ್ಚಿದ್ದರೂ 2020ರ ಜನವರಿಯ ಅಧಿಸೂಚನೆಯ ಪ್ರಕಾರ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಬಾಕಿಯಾದ ದಿನದಿಂದ ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡವನ್ನೂ ಹಾಕಬಹುದು.

ಯಾರಿಗೆ ಯಾವ ಬಾಗಿಲು?

ಇಎಸ್‌ಐ ಇರುವವರು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು, ಇಎಸ್‌ಐ ಅನ್ವಯಿಸುವ ಕಡೆ ಕೆಲಸ ಮಾಡುತ್ತಿದ್ದರೆ ಸಂಬಳದ ಶೇ 0.75 ನಿಮ್ಮಿಂದ, ಶೇ 3.25 ಮಾಲೀಕರಿಂದ ಕಟ್ಟಬೇಕು. ಕೆಲಸದ ಗಾಯಕ್ಕೆ ಪೂರ್ತಿ ಚಿಕಿತ್ಸೆ, ಗುಣವಾಗುವವರೆಗೆ ಸರಾಸರಿ ಕೂಲಿಯ ಶೇ 90 ಸಿಗುತ್ತದೆ. ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಎಂಬ ಷರತ್ತು ಕೆಲಸದ ಗಾಯಕ್ಕೆ ಇಲ್ಲ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ. ಆದರೆ ಇಎಸ್‌ಐ ಇದ್ದವರು ಅದೇ ಗಾಯಕ್ಕೆ ಮಾಲೀಕರಿಂದ ನೌಕರರ ಪರಿಹಾರವನ್ನೂ ಕೇಳುವಂತಿಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣಿಸಿದರೆ ನಿಮ್ಮ 10 ಅಂಕಿಯ ವಿಮಾ ಸಂಖ್ಯೆಯನ್ನು ಇಂದೇ ಕೇಳಿ ಬರೆದಿಟ್ಟುಕೊಳ್ಳಿ.

ಮಿಲ್, ಕ್ರಷರ್, ವರ್ಕ್‌ಶಾಪ್ ಕೆಲಸಗಾರರು, ಇಎಸ್‌ಐ ಇಲ್ಲದವರು. ಮೇಲೆ ಹೇಳಿದ ಪರಿಹಾರ ಮತ್ತು ವೆಚ್ಚ ಮರುಪಾವತಿ ಮಾಲೀಕರಿಂದ.

ಶೇಂಗಾ ಬಿಡಿಸುವ ಯಂತ್ರ, ಟ್ರ್ಯಾಕ್ಟರ್ ಕೆಲಸದವರು. ‘ಹೊಲದ ಕೆಲಸಕ್ಕೆ ಕಾನೂನಿಲ್ಲ’ ಎಂಬುದು ತಪ್ಪು. ಟ್ರ್ಯಾಕ್ಟರ್ ಅಥವಾ ವಿದ್ಯುತ್, ಎಂಜಿನ್‌ನಿಂದ ನಡೆಯುವ ಸಾಧನಗಳಿಂದ ಮಾಡುವ ಬೇಸಾಯದ ಕೆಲಸಗಾರರು ಕಾನೂನಿನ ಪಟ್ಟಿಯಲ್ಲಿದ್ದಾರೆ. ಆದರೆ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಜನರನ್ನು ತುಂಬಿಕೊಂಡು ಹೋಗುವಾಗ ಅಪಘಾತವಾದರೆ ವಿಮಾ ಕಂಪನಿಗಳು ತಕರಾರು ತೆಗೆಯುವುದು ಸಾಮಾನ್ಯ. ಇಂಥ ಪ್ರಕರಣಕ್ಕೆ ಶುರುವಿನಲ್ಲೇ ವಕೀಲರ ಸಲಹೆ ಬೇಕು.

ಲಾರಿ ಚಾಲಕರು. ವಾಹನ ವಿಮೆ ಮಾಡಿಸುವಾಗ ಚಾಲಕನ ಬಗ್ಗೆ ಮಾಲೀಕರಿಗಿರುವ ಪರಿಹಾರದ ಹೊಣೆಯೂ ಅದರಲ್ಲಿ ಸೇರಿರಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ವಿಮೆ ಪಾಲಿಸಿಯ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ.

ಕಟ್ಟಡ ಕಾರ್ಮಿಕರು. ಮಾಲೀಕರ ಹೊಣೆ ಇದ್ದೇ ಇರುತ್ತದೆ. ಅದರ ಮೇಲೆ, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ಅಪಘಾತ ಪರಿಹಾರ, ಆಸ್ಪತ್ರೆ ವೆಚ್ಚದ ನೆರವು, ದೊಡ್ಡ ಚಿಕಿತ್ಸೆಗಳಿಗೆ 2 ಲಕ್ಷದವರೆಗಿನ ‘ಕಾರ್ಮಿಕ ಚಿಕಿತ್ಸಾ ಭಾಗ್ಯ’ ಇವೆ. ನೋಂದಣಿಗೆ 18ರಿಂದ 60 ವರ್ಷ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಬೇಕು. ನವೀಕರಣ ತಪ್ಪಿದ ಕಾರ್ಡು ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ಬೆಂಗಳೂರಿನಲ್ಲಿ ಪೆಟ್ಟಾದವರು ಅಲ್ಲೇ ಉಳಿದು ಕೇಸು ನಡೆಸಬೇಕಿಲ್ಲ. ಅಪಘಾತ ನಡೆದ ಊರಿನಲ್ಲಿ ಮಾತ್ರವಲ್ಲ, ಕಾರ್ಮಿಕ ಅಥವಾ ಅವರ ಅವಲಂಬಿತರು ಸಾಮಾನ್ಯವಾಗಿ ವಾಸಿಸುವ ಪ್ರದೇಶದಲ್ಲೂ ಅರ್ಜಿ ಹಾಕಲು ಅವಕಾಶವಿದೆ.

ಹಮಾಲರು. ಯಾರ ಕೈಕೆಳಗೆ ಕೆಲಸ ಎಂಬುದೇ ಇಲ್ಲಿ ಜಗಳದ ವಿಷಯ. ಒಂದೇ ಅಂಗಡಿಗೆ ಖಾಯಂ ಮೂಟೆ ಹೊರುವವರು ಮಾಲೀಕರಿಂದ ಪರಿಹಾರ ಕೇಳಬಹುದು. ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಯಲ್ಲಿ ಹಮಾಲರು, ಮೆಕ್ಯಾನಿಕ್‌ಗಳು, ಟೈಲರ್‌ಗಳು, ಕಮ್ಮಾರರು, ಭಟ್ಟಿ ಕಾರ್ಮಿಕರು ಮುಂತಾದವರಿಗೆ ಸ್ಮಾರ್ಟ್ ಕಾರ್ಡ್ ಕೊಡುತ್ತಾರೆ. ಅಪಘಾತದ ನೆರವೂ ಅದರಲ್ಲಿದೆ. ನೋಂದಣಿ ಮೊದಲೇ ಆಗಿರಬೇಕು.

ನೇಕಾರರು, ಕಂಬಳಿ ನೇಯುವವರು. ಕಾನೂನಿನ ದೊಡ್ಡ ಕೊರತೆ ಇರುವುದು ಇಲ್ಲಿ. ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ನೇಯುವವರು ನೌಕರರೇ. ಆದರೆ ಸ್ವಂತ ಮನೆಯ ಮಗ್ಗದಲ್ಲಿ, ಸ್ವಂತ ನೂಲಿನಲ್ಲಿ ನೇಯುವವರಿಗೆ ಹೊಣೆ ಹೊರುವ ಮಾಲೀಕರೇ ಇಲ್ಲ. ಸಾಹುಕಾರರಿಂದ ನೂಲು ತಂದು ಮನೆಯಲ್ಲಿ ನೇದು ಕೊಡುವವರ ಸ್ಥಿತಿ ಎರಡರ ನಡುವೆ. ಅವರಿಗೆ ಉಳಿಯುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಇದೆ. ಗುಂಡಿಮಗ್ಗದಲ್ಲಿ ವರ್ಷಗಟ್ಟಲೆ ಕೂತು ಬರುವ ಸೊಂಟನೋವು, ಮೊಣಕಾಲು ನೋವು, ಮಂದವಾಗುವ ಕಣ್ಣು ಇವೆಲ್ಲ ಕೆಲಸದಿಂದಲೇ ಬಂದರೂ ಕಾನೂನಿನ ‘ಔದ್ಯೋಗಿಕ ಕಾಯಿಲೆ’ಗಳ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಆ 5 ಲಕ್ಷ ಏನು?

ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಪಡೆದು ಯೋಜನೆಯಲ್ಲಿರುವ ಬೇರೆ ಆಸ್ಪತ್ರೆಗೆ ಹೋಗಬೇಕು. ಪಟ್ಟಿಮಾಡಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಯೋಜನೆಯಲ್ಲಿಲ್ಲದ ಆಸ್ಪತ್ರೆಯಲ್ಲಿ ಬಿಲ್ ಕಟ್ಟಿ ಆಮೇಲೆ ಹಣ ಕೇಳಿದರೆ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಬಗ್ಗೆಯೂ ಗೊಂದಲವಿದೆ. ಅದು ಅಪಘಾತದ ಸಾವು ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ಕೊಡುತ್ತದೆ. ಆಸ್ಪತ್ರೆ ವೆಚ್ಚ ಅದರಲ್ಲಿ ಇಲ್ಲ. ಇ-ಶ್ರಮ್ ಕಾರ್ಡ್ ಅಸಂಘಟಿತ ಕಾರ್ಮಿಕರ ನೋಂದಣಿಯ ಗುರುತು. ಆ ಕಾರ್ಡ್ ತೋರಿಸಿದ ಮಾತ್ರಕ್ಕೆ ಆಸ್ಪತ್ರೆ ಬಿಲ್ ಮನ್ನಾ ಆಗುವುದಿಲ್ಲ.

ಗಾಯವಲ್ಲ, ಕಾಯಿಲೆಯಾದರೆ?

ಕಲ್ಲು ಒಡೆಯುವಾಗ, ಕೊರೆಯುವಾಗ ಏಳುವ ಧೂಳಿನಲ್ಲಿ ಸಿಲಿಕಾದ ಅತಿ ಸಣ್ಣ ಕಣಗಳಿರುತ್ತವೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಾಣದ ಕಣ ಶ್ವಾಸಕೋಶದ ಆಳಕ್ಕಿಳಿದು ಗಾಯ ಮಾಡುತ್ತದೆ. ಗಾಯ ಒಣಗಿ ಗಡಸಾದ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಇದೇ ಸಿಲಿಕೋಸಿಸ್. ‘ಬೆಲ್ಲ ತಿಂದರೆ ಧೂಳು ಹೊರಬರುತ್ತದೆ’ ಎಂಬ ನಂಬಿಕೆ ಕಾರ್ಮಿಕರಲ್ಲಿ ವ್ಯಾಪಕ. ಬೆಲ್ಲ ಹೋಗುವುದು ಹೊಟ್ಟೆಗೆ. ಶ್ವಾಸಕೋಶದೊಳಗೆ ಕೂತ ಕಣವನ್ನು ಅದು ತೆಗೆಯಲಾರದು.

ಕೆಮ್ಮು, ಏದುಸಿರು, ತೂಕ ಇಳಿಯುವುದು ಕ್ಷಯದಲ್ಲೂ ಇರುವುದರಿಂದ ಎರಡರ ನಡುವೆ ಗೊಂದಲವಾಗುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಆದ್ದರಿಂದ ಡಾಕ್ಟರ ಬಳಿ ಹೋದಾಗ ‘ಕ್ರಷರ್‌ನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ’ ಎಂದು ಕೇಳುವ ಮೊದಲೇ ಹೇಳಿ, ಚೀಟಿಯಲ್ಲಿ ಬರೆಸಿ.

ಸಿಲಿಕೋಸಿಸ್, ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್, ಯಂತ್ರದ ಸದ್ದಿನಿಂದ ಕಿವಿ ಮಂದವಾಗುವುದು ಇವೆಲ್ಲ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿವೆ. ಇವುಗಳನ್ನು ಕಾನೂನು ಅಪಘಾತದ ಗಾಯದಂತೆಯೇ ನೋಡುತ್ತದೆ. ಪಟ್ಟಿಯಲ್ಲಿಲ್ಲದ ಕಾಯಿಲೆಗೆ ಪರಿಹಾರ ಸಿಗಬೇಕಾದರೆ ಅದು ಕೆಲಸದಲ್ಲಿ ಆದ ನಿರ್ದಿಷ್ಟ ಅಪಘಾತದಿಂದಲೇ ಬಂದದ್ದೆಂದು ತೋರಿಸಬೇಕು. ಮೂಟೆ ಬಿದ್ದು ಬೆನ್ನುಮೂಳೆ ಮುರಿದರೆ ಹಕ್ಕು ಸ್ಪಷ್ಟ. 20 ವರ್ಷ ಮೂಟೆ ಹೊತ್ತು ಬೆನ್ನು ಸವೆದರೆ ಸಾಬೀತು ಕಷ್ಟ.

ಪೆಟ್ಟಾದ ದಿನ ಏನು ಮಾಡಬೇಕು?

1. ಮೊದಲು ಜೀವ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ, ಸುಣ್ಣ ಹಚ್ಚಬೇಡಿ. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು. ತುರ್ತಿಗೆ 108 ಅಥವಾ 112. ಮುಂಗಡ ಹಣವಿಲ್ಲ ಎಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಗಾಯಾಳುವಿನ ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

2. ನಿಜವನ್ನೇ ಬರೆಸಿ. ‘ಬೈಕಿನಿಂದ ಬಿದ್ದ ಅಂತ ಬರೆಸು, ಇನ್ಶೂರೆನ್ಸ್ ಸಿಗುತ್ತೆ’, ‘ಮನೆಯಲ್ಲಿ ಜಾರಿ ಬಿದ್ದ ಅನ್ನು, ಪೊಲೀಸ್ ತಾಪತ್ರಯ ಬೇಡ’ ಎಂಬ ಸಲಹೆ ಬರುತ್ತದೆ. ಒಪ್ಪಬೇಡಿ. ದಿನಾಂಕ, ಹೊತ್ತು, ಜಾಗ, ಯಾವ ಯಂತ್ರ ಎಂಬುದು ಮೊದಲ ಚೀಟಿಯಲ್ಲೇ ಇರಲಿ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ, ಮೊಳಕಾಲ್ಮೂರಿನಿಂದ ಬಳ್ಳಾರಿಗೆ ಕಳಿಸಿದರೆ ಮೊದಲ ಆಸ್ಪತ್ರೆಯ ಚೀಟಿಯನ್ನು ಬಿಟ್ಟುಬರಬೇಡಿ.

3. ಎಲ್ಲಕ್ಕೂ ಬಿಲ್. ಕಾನೂನು ಹೇಳುವುದು ‘ನಿಜವಾದ ವೆಚ್ಚ’. ಮೆಡಿಕಲ್ ಸ್ಟೋರ್, ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲಕ್ಕೂ ರೋಗಿಯ ಹೆಸರಿನ ಬಿಲ್ ಬೇಕು. ಫೋಟೊ ತೆಗೆದಿಡಿ, ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ.

4. ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬ ಗುರುತು. ಹಾಜರಿ ಪುಸ್ತಕದ ಫೋಟೊ, ಕೂಲಿ ಬಂದ ಫೋನ್‌ಪೇ ದಾಖಲೆ, ಮೇಸ್ತ್ರಿಯ ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಜೊತೆಗಿದ್ದವರ ಹೆಸರು ಉಳಿಸಿಕೊಳ್ಳಿ. ಫೋನ್ ಬದಲಿಸುವಾಗ ಅಳಿಸಬೇಡಿ.

5. ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಆದಷ್ಟು ಬೇಗ. ಒಂದು ಪುಟದ ಪತ್ರ ಸಾಕು, ಪ್ರತಿ ಇಟ್ಟುಕೊಳ್ಳಿ. ಮಾಲೀಕರು ಉಚಿತ ವೈದ್ಯಕೀಯ ತಪಾಸಣೆಗೆ ಕರೆದರೆ ಹೋಗಿ. ನಿರಾಕರಿಸಿದರೆ ಹಕ್ಕಿಗೆ ತಡೆ ಬೀಳುತ್ತದೆ. ಇಎಸ್‌ಐ ಇದ್ದರೆ ಮಾಲೀಕರು ಅಪಘಾತ ವರದಿ ಕಳಿಸಿದರೇ ಎಂದು ವಿಚಾರಿಸಿ.

6. ಕಾಯಬೇಡಿ. ಪರಿಹಾರದ ಅರ್ಜಿಗೆ 1923ರ ಕಾಯ್ದೆ ಕೊಟ್ಟ ಗಡುವು 2 ವರ್ಷ. ‘ಗುಣವಾದ ಮೇಲೆ ನೋಡೋಣ’, ‘ಹಬ್ಬ ಮುಗಿಯಲಿ’ ಎನ್ನುವಷ್ಟರಲ್ಲಿ ಅದು ಕಳೆದುಹೋಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ಕಾರ್ಮಿಕ ಇಲಾಖೆಯ ಕಾರ್ಮಿಕ ನಿರೀಕ್ಷಕರ ಕಚೇರಿ, ಅಥವಾ ಇಲಾಖೆಯ ಸಹಾಯವಾಣಿ 155214. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಪರಿಹಾರ ಮಂಜೂರಾಗಿದೆ ಎಂದು ಲಿಂಕ್ ಕಳಿಸಿ, ಓಟಿಪಿ ಅಥವಾ ‘ಫೈಲ್ ಚಾರ್ಜ್’ ಕೇಳುವ ಸಂದೇಶ ಬಂದರೆ ಅದು ಮೋಸ. ಇಲಾಖೆಯಾಗಲಿ ನ್ಯಾಯಾಲಯವಾಗಲಿ ಹಾಗೆ ಕೇಳುವುದಿಲ್ಲ.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ

‘ಕೆಲಸದಲ್ಲಿ ಪೆಟ್ಟಾದರೆ: 1) ಆಸ್ಪತ್ರೆಯಲ್ಲಿ ನಿಜವಾದ ಕಾರಣ ಬರೆಸಿ. 2) ಎಲ್ಲ ಬಿಲ್ ಇಟ್ಟುಕೊಳ್ಳಿ. 3) ಮಾಲೀಕರಿಗೆ ಬರಹದಲ್ಲಿ ತಿಳಿಸಿ. 4) ಬಿಲ್ ಕಟ್ಟಿದ ಮಾತ್ರಕ್ಕೆ ಪರಿಹಾರ ಮುಗಿಯುವುದಿಲ್ಲ. 5) 2 ವರ್ಷದ ಗಡುವು ಮರೆಯಬೇಡಿ. 6) ಕಾರ್ಮಿಕ ಸಹಾಯವಾಣಿ 155214, ಉಚಿತ ಕಾನೂನು ನೆರವು 15100.’

ಇದನ್ನು ಪೆಟ್ಟಾದ ಮೇಲೆ ಓದುವುದಕ್ಕಿಂತ ಮೊದಲೇ ಓದಿದರೆ ಹೆಚ್ಚು ಉಪಯೋಗ. ನಿಮ್ಮ ಮನೆಯಲ್ಲಿ ಮಿಲ್ಲಿಗೋ ಮಂಡಿಗೋ ಕ್ರಷರ್‌ಗೋ ಹೋಗುವವರು ಇದ್ದರೆ, ಇಂದು ಸಂಜೆ ಅವರಿಗೆ ಒಂದೇ ಪ್ರಶ್ನೆ ಕೇಳಿ: ‘ನಿಮಗೆ ಇಎಸ್‌ಐ ಇದೆಯಾ?’ ಇದೆ ಎಂದರೆ ಸಂಖ್ಯೆ ಬರೆದುಕೊಳ್ಳಿ. ಇಲ್ಲ ಎಂದರೆ, ಅಲ್ಲಿ ಕೆಲಸ ಮಾಡುತ್ತಿರುವುದಕ್ಕೆ ಏನು ದಾಖಲೆ ಇದೆ ಎಂದು ಇಬ್ಬರೂ ಕೂತು ನೋಡಿ.